ಕಾಳಮ್ಮನ ಬಾಯಾರಿಕೆ

ಆ ನೀರು ಕೊಟ್ಟವನು ನಾನು. ಕಾಳಮ್ಮ ಕದ್ದು ಕುಡಿಯಲಿಲ್ಲ—ಕೇಳಲೂ ಇಲ್ಲ. ನನ್ನ ಚೊಂಬಿನಿಂದ, ನನ್ನ ಕೈಯಾರೆ, ನಾನಾಗಿಯೇ ಅವಳ ಬಾಯಿಗೆ ಹಿಡಿದೆ. ಆಮೇಲೆ ಅವಳನ್ನು ಸುಳ್ಳುಗಾರ್ತಿ ಎಂದಾಗ ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದೆ. ನಡುವೆ ಎರಡನೆಯ ಮಹಾಯುದ್ಧ ಶುರುವಾಗಿ ಮುಗಿದೂ ಹೋಯಿತು. ನನ್ನ ಬಾಯಿ ಮಾತ್ರ ತೆರೆಯಲಿಲ್ಲ.

ಕಾಳಮ್ಮ ನನ್ನ ಮೊದಲ ಹೆಂಡತಿ. ಮಾಲೂರು ಕಡೆಯ ಶಿವಾರಪಟ್ಟಣದವಳು, ವಿಗ್ರಹ ಕೆತ್ತುವವರ ಮನೆಯ ಮಗಳು. ನಾನು ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತ. ಯಾರೋ ಕೊಟ್ಟ ಹೇಳಿಕೆಯನ್ನು ಒಂದಕ್ಷರ ಬಿಡದೆ ಇಳಿಸಿಕೊಳ್ಳುವುದು ನನ್ನ ಕಸುಬು. ಸ್ವಂತ ಹೇಳಿಕೆಯೊಂದನ್ನು ಕೊಡಲು ಇಷ್ಟು ಕಾಲ ಬೇಕಾಯಿತು ನೋಡಿ.

ಮದುವೆಯಾಗಿ ಸ್ವಲ್ಪ ಕಾಲಕ್ಕೆ ಅವಳಿಗೆ ತಲೆಗೇರಿದ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಾರಿಕೆ ಹಿಡಿಯಿತು. ಎಂಥ ಬಾಯಾರಿಕೆ ಎಂದು ಹೇಗೆ ಹೇಳಲಿ—ಕೊಡ ತುಂಬಿಟ್ಟರೆ ಕೊಡ ಖಾಲಿ. ಕುಡಿದದ್ದೆಲ್ಲ ಹಾಗೇ ಹೊರಗೆ ಹೋಗಬೇಕು. ಊಟಕ್ಕೆ ಕೂತರೆ ಎರಡು ಸಲ ಎದ್ದು ಹಿತ್ತಿಲಿಗೆ ಓಡುವಳು. ನಮ್ಮಮ್ಮ ಮೊದಮೊದಲು ನಗುತ್ತಿದ್ದಳು. "ಏನೇ, ನಮ್ಮ ಬಾವೀನೂ ಬಿಡಂಗಿಲ್ವಾ ನೀನು?" ಎನ್ನುತ್ತಿದ್ದಳು. ಬೇಸಿಗೆ ಬಂದು ಬಾವಿಯ ನೀರು ತಳ ಕಂಡಾಗ ನಗು ನಿಂತಿತು. ಬೀದಿಯವರು ಆಡಿಕೊಳ್ಳತೊಡಗಿದರು. ಕಾಳಮ್ಮ ಸಣ್ಣಗಾದಳು, ಕಣ್ಣು ಗುಳಿಬಿದ್ದವು.

ಕೋಲಾರದಲ್ಲಿ ಡಾಕ್ಟರೊಬ್ಬರಿದ್ದರು, ಹೆಸರು ಬೇಡ. ಇಂಥದೇ ರೋಗಿಗಳನ್ನು ಹುಡುಕಿ ಹುಡುಕಿ ನೋಡುತ್ತಾರೆ ಎಂದು ಕೇಳಿ ಅವಳನ್ನೂ ಅಮ್ಮನನ್ನೂ ಕರೆದುಕೊಂಡು ಹೋದೆ. ಅವರು ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದರು. ತಾಳ್ಮೆಯಿಂದ ನಮಗೆಲ್ಲ ತಿಳಿಯುವಂತೆ ಹೇಳಿದರು.

"ತಲೆ ಒಳಗೆ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಪಿಟ್ಯುಟರಿ ಅಂತಾರೆ. ಅದು ಒಂದು ರಸ ಬಿಡುತ್ತೆ. ಆ ರಸ ನಿಂತೋದ್ರೆ ಕುಡಿದ ನೀರು ಮೈಯಲ್ಲಿ ನಿಲ್ಲಲ್ಲ. ಅದಕ್ಕೆ ಈಗ ಔಷಧಿ ಬಂದಿದೆ, ನಶ್ಯದ ಥರ ಮೂಗಿಗೆ ಏರಿಸೋದು. ಆದ್ರೆ ಕೆಲವರಿಗೆ ಗ್ರಂಥಿ ಚೆನ್ನಾಗೇ ಇರುತ್ತೆ, ಮನಸ್ಸಿಗೆ ಕುಡಿಯೋ ಚಟ ಹತ್ತಿರುತ್ತೆ. ಯಾವುದು ಅಂತ ಮೊದಲು ಗೊತ್ತಾಗಬೇಕು."

ಗೊತ್ತುಮಾಡುವ ದಾರಿ ಒಂದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ನೀರು ಮುಟ್ಟಕೂಡದು. ನಡುನಡುವೆ ತೂಕ ನೋಡುತ್ತಾರೆ, ಮೂತ್ರ ನೋಡುತ್ತಾರೆ. ಗ್ರಂಥಿ ಕೆಟ್ಟಿದ್ದರೆ ಮೂತ್ರ ನೀರಿನ ಹಾಗೇ ಹೋಗುತ್ತಿರುತ್ತದೆ, ತೂಕ ಇಳಿಯುತ್ತದೆ. "ಪಾಪ ಅಂತ ಯಾರೂ ಕೊಡಬೇಡಿ. ಕೊಟ್ರೆ ನನ್ನ ಲೆಕ್ಕಾನೇ ತಪ್ಪಿಹೋಗುತ್ತೆ" ಎಂದು ನನ್ನ ಮುಖ ನೋಡಿಯೇ ಹೇಳಿದರು. ನಾನು ತಲೆಯಾಡಿಸಿದೆ.

ಮಧ್ಯಾಹ್ನ ಅಮ್ಮ ನೆಂಟರ ಮನೆಗೆ ಊಟಕ್ಕೆ ಹೋದಳು. ಕಾವಲಿದ್ದ ಆಯಾ, "ಒಂದ್ ತುತ್ತು ತಿಂದು ಬರ್ತೀನಿ, ನೋಡ್ಕಳಿ" ಎಂದು ನನ್ನ ಕೈಗೆ ಒಪ್ಪಿಸಿ ಎದ್ದಳು. ಚೈತ್ರದ ಬಿಸಿಲು. ಕಾಳಮ್ಮನ ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತು ತೊದಲುತ್ತಿತ್ತು. ತುಟಿ ಬಿರಿದು ರಕ್ತ ಒಸರಿತ್ತು. ಆದರೂ ಕೇಳಲಿಲ್ಲ—ಗೋಡೆ ಕಡೆ ತಿರುಗಿ ಮಲಗಿದಳು, ನನ್ನ ಚೊಂಬು ಕಣ್ಣಿಗೆ ಬೀಳಬಾರದೆಂದು. ಅದನ್ನು ನೋಡಲಾರದೆ ಚೊಂಬನ್ನು ಅವಳ ಬಾಯಿಗೆ ಹಿಡಿದೆ. ಬಾಯಾರಿದವರಿಗೆ ನೀರಿಲ್ಲ ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

"ಬೇಡ. ಡಾಕ್ಟ್ರು ಬೈತಾರೆ" ಎಂದಳು. "ಯಾರಿಗೆ ಗೊತ್ತಾಗುತ್ತೆ, ಕುಡಿ" ಎಂದೆ. ಅವಳು ಕುಡಿದಳು. ಚೊಂಬು ಬರಿದಾದ ಮೇಲೆ ನಾನೇ ಹೋಗಿ ಇನ್ನೊಂದು ತುಂಬಿಸಿ ತಂದೆ.

ಸಂಜೆ ಡಾಕ್ಟರು ತೂಕ ನೋಡಿ ಕನ್ನಡಕ ತೆಗೆದರು. "ಮೂತ್ರ ನೀರಿನ ಹಾಗೇ ಹೋಗ್ತಿದೆ, ಆದ್ರೂ ತೂಕ ಇಳಿದಿಲ್ಲ. ಇವರು ಕುಡಿದಿದ್ದಾರೆ." ಆಯಾ ನನ್ನತ್ತ ನೋಡಿದಳು. ಅಮ್ಮ ಅಲ್ಲೇ ನಿಂತಿದ್ದಳು. ಬಾಯಿ ತೆರೆದೆನೋ ಇಲ್ಲವೋ—ಅಷ್ಟರಲ್ಲಿ ಕಾಳಮ್ಮ ಅಂದಳು, "ನಾನೇ ಕುಡಿದೆ ಸ್ವಾಮಿ. ಬಚ್ಚಲ ತೊಟ್ಟಿ ನೀರು."

ನನ್ನನ್ನು ಉಳಿಸಲು ಹೇಳಿದಳು. ನಾನು ಆಮೇಲೆ ಸರಿಪಡಿಸುತ್ತೇನೆ ಎಂದು ನಂಬಿ ಹೇಳಿದಳೇನೋ—

ಡಾಕ್ಟರು ಕೆಟ್ಟವರಲ್ಲ. "ನಾಳೆ ಇನ್ನೊಂದು ದಿನ ಇರಿ, ಮತ್ತೆ ನೋಡೋಣ" ಎಂದರು. ಅದನ್ನೂ ನಾನು ಕೆಡಿಸಿದೆ. ಮತ್ತೊಂದು ದಿನ ಅವಳ ತುಟಿ ನೋಡುತ್ತ ಕೂರುವ ಎದೆ ನನಗಿರಲಿಲ್ಲ. ನಾಳೆ ತೂಕ ಇಳಿದರೆ, ಇವತ್ತು ಏನಾಯಿತು ಎಂದು ಆಯಾಳನ್ನು ಕೇಳುತ್ತಾರೆ ಎಂಬ ಭಯ ಬೇರೆ. "ಕಚೇರೀಲಿ ರಜ ಇಲ್ಲ ಸ್ವಾಮಿ" ಎಂದುಬಿಟ್ಟೆ. ರಜ ಇತ್ತು. ಹಾಗಾದರೆ ಇದನ್ನು ಚಟವೆಂದೇ ಇಟ್ಟುಕೊಳ್ಳಿ, ದಿನದಿನಕ್ಕೆ ನೀರು ಕಡಿಮೆ ಮಾಡುತ್ತ ಬನ್ನಿ, ಅಳತೆ ತಪ್ಪಿಸಬೇಡಿ ಎಂದು ಡಾಕ್ಟರು ಅಮ್ಮನಿಗೆ ಹೇಳಿದರು.

ಯಾಕೆ ಹೇಳಲಿಲ್ಲ? ಡಾಕ್ಟರು ಬೈಯುತ್ತಾರೆ, ಅಮ್ಮ ಹೆಂಡತಿಯ ದಾಸ ಎನ್ನುತ್ತಾಳೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಅಮ್ಮ ನೀರಿನ ಕೋಣೆಗೆ ಬೀಗ ಹಾಕಿದಳು. ಅಳೆದು ಕೊಡುತ್ತಿದ್ದಳು, ಅತ್ತುಕೊಂಡೇ ಕೊಡುತ್ತಿದ್ದಳು—ವಾಸಿಯಾಗಲಿ ಎಂದು. ನಾನು ಬೆಳಿಗ್ಗೆ ಕಚೇರಿಗೆ ಹೊರಟುಬಿಡುತ್ತಿದ್ದೆ, ಸಂಜೆ ಬೇಕೆಂದೇ ತಡಮಾಡಿ ಬರುತ್ತಿದ್ದೆ. ಒಂದು ದಿನ ಕಾಳಮ್ಮ ದನದ ಬಾನಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದುದನ್ನು ಬೀದಿಯವರು ಕಂಡರು. ಆಮೇಲೆ ಎಚ್ಚರ ತಪ್ಪಿ ಬಿದ್ದಳು. ಸುದ್ದಿ ತಿಳಿದು ಅವಳ ಅಣ್ಣ ವೀರಾಚಾರಿ ಗಾಡಿ ಕಟ್ಟಿಸಿಕೊಂಡು ಬಂದ. ನನ್ನ ಜೊತೆ ಮಾತೇ ಆಡಲಿಲ್ಲ. "ಪದಮ್ಮಾ, ಇಂಟಿಕಿ ಪೋದಾಂ"—ನಡಿಯಮ್ಮ, ಮನೆಗೆ ಹೋಗೋಣ—ಎಂದು ತೆಲುಗಿನಲ್ಲಿ ಹೇಳಿ ಅವಳನ್ನು ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಮಲಗಿಸಿದ. ನಾನು ತಡೆಯಲಿಲ್ಲ, ಹಿಂದೆಯೂ ಹೋಗಲಿಲ್ಲ. ಮರುವರ್ಷ ಅಮ್ಮ ಬೇರೆ ಹೆಣ್ಣು ನೋಡಿದಳು. ಅದಕ್ಕೂ ಹೂಂ ಎಂದೆ.

ಕಾಳಮ್ಮ ಬದುಕಿಕೊಂಡಳು. ವೀರಾಚಾರಿ ಅವಳನ್ನು ಬೆಂಗಳೂರಿಗೆ ಕರೆದೊಯ್ದ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಅದೇ ಪರೀಕ್ಷೆ ಮಾಡಿ, ಗ್ರಂಥಿಯೇ ಕೆಟ್ಟಿದೆ ಎಂದು ಕಂಡುಹಿಡಿದು ಆ ನಶ್ಯ ಕೊಟ್ಟರಂತೆ. ಬಾಯಾರಿಕೆ ತಗ್ಗಿತಂತೆ. ಈ ಸುದ್ದಿ ಕೇಳಿದ ದಿನ ನನಗೆ ಸಂತೋಷವಾಯಿತು ಎಂದರೆ ನೀವು ನಂಬಬೇಕಿಲ್ಲ. ನನ್ನ ಮನಸ್ಸಿಗೆ ಮೊದಲು ಹೊಳೆದದ್ದು, ಅವಳು ಅಲ್ಲಿ ನನ್ನ ಹೆಸರು ಹೇಳಿದಳೋ ಏನೋ ಎಂಬುದು.

ಕಳೆದ ತಿಂಗಳು ಶಿವಾರಪಟ್ಟಣಕ್ಕೆ ಹೋದೆ. ಕಾಳಮ್ಮ ಅಂಗಳದಲ್ಲಿ ಕೂತು ಒಂದು ವಿಗ್ರಹವನ್ನು ತಿಕ್ಕಿ ನುಣುಪು ಮಾಡುತ್ತಿದ್ದಳು. ಮೈ ಕೈ ತುಂಬಿಕೊಂಡಿದ್ದಳು. ನಾನು ನಿಂತೇ ಎಲ್ಲ ಒದರಿದೆ. ನೀರು ಕೊಟ್ಟದ್ದು ನಾನು, ಸುಮ್ಮನಿದ್ದದ್ದು ನಾನು, ತಪ್ಪಾಯಿತು ಎಂದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಇದನ್ನ ನನಗ್ಯಾಕೆ ಹೇಳ್ತೀರಿ? ಇದು ಗೊತ್ತಿರೋಳು ನಾನೊಬ್ಳೇ ಅಲ್ವಾ?"

ವಿಗ್ರಹದ ಮೇಲಿನ ಪುಡಿ ಊದಿ ಅವಳೇ ಮುಂದುವರಿಸಿದಳು.

"ಬೆಂಗಳೂರಿನ ಡಾಕ್ಟ್ರಮ್ಮ ನನ್ನ ಕಾಯಿಲೆ, ಗಂಡನ ಊರು ತಿಳಿದ ತಕ್ಷಣ ಏನ್ ಕೇಳಿದ್ರು ಗೊತ್ತಾ? ಬಚ್ಚಲ ನೀರು ಕದ್ದು ಕುಡಿದ ಮುಳಬಾಗಿಲಿನ ಹೆಂಗಸು ನೀನೇನಾ ಅಂದ್ರು. ನಿಮ್ಮ ಕೋಲಾರದ ಡಾಕ್ಟ್ರು ಡಾಕ್ಟ್ರುಗಳ ಸಭೇಲಿ ನನ್ನ ಕತೆ ಓದಿದ್ರಂತೆ. ರೋಗಿಗಳು ಹೆಂಗೆ ಮೋಸ ಮಾಡ್ತಾರೆ ಅಂತ ತೋರ್ಸಕ್ಕೆ. ನಿಮ್ಮಮ್ಮನಿಗೆ ಹೇಳಿದ್ರಾ? ಆ ಡಾಕ್ಟ್ರಿಗೆ ಹೇಳಿದ್ರಾ? ಇಲ್ಲ ತಾನೇ? ಹೋಗಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮತ್ತೆ ಕಲ್ಲಿನ ಕಡೆ ತಿರುಗಿದಳು. ಕ್ಷಮಿಸು ಎಂದು ಕೇಳಿ ಹಗುರಾಗಿ ಬಸ್ಸು ಹತ್ತೋಣವೆಂದು ಬಂದವನು ನಾನು.

ನಿನ್ನೆ ಅಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಮೊದಲು ನನ್ನ ಮಾತು ತಿಳಿಯಲಿಲ್ಲ, ಎರಡನೆಯ ಸಲ ಹೇಳಿಸಿಕೊಂಡಳು. ಆಮೇಲೆ ತನ್ನ ಎರಡು ಕೈಗಳನ್ನೂ ಮುಂದೆ ಹಿಡಿದು ನೋಡುತ್ತ ಕೂತಳು.

"ದೇವುಡಾ... ಕಾಲಿಗೆ ಬಿದ್ದು ಕೇಳಿದ್ಲು ಕಣೋ ಆ ಹುಡುಗಿ, ಒಂದ್ ಲೋಟ ಕೊಡಿ ಅತ್ತೆ ಅಂತ. ನಾನು ಕೊಡ್ಲಿಲ್ಲ. ಒಳ್ಳೇದಕ್ಕೆ ಅಂದ್ಕಂಡು ಕೊಡ್ಲಿಲ್ಲ. ನೀನು ಗೊತ್ತಿದ್ದೂ ನನ್ನ ಕೈಲಿ ಅದನ್ನ ಮಾಡಿಸ್ದೆ."

ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಒಬ್ಬಳಿಗೆ ಮಾಡಿದೆ ಎಂದುಕೊಂಡಿದ್ದೆ.

ಹಾಗಾದರೆ ಇನ್ನೆಷ್ಟು ಜನಕ್ಕೆ? ಆ ಸಭೆಯಲ್ಲಿ ಕೂತು ಕೇಳಿದ ಡಾಕ್ಟರುಗಳು ತಮ್ಮ ತಮ್ಮ ಊರಿಗೆ ಹೋಗಿ, ನೀರು ನೀರು ಎಂದು ಬಂದವರಿಗೆ ಏನು ಹೇಳಿ ಕಳಿಸಿದರೋ, ಯಾವ ಯಾವ ಮನೆಗಳಲ್ಲಿ ಯಾವ ಅತ್ತೆಯರು, ಯಾವ ತಾಯಂದಿರು—ಯೋಚಿಸುತ್ತ ಹೋದರೆ ಕೊನೆಯೇ ಸಿಗುವುದಿಲ್ಲ. ಕೋಲಾರದ ಡಾಕ್ಟರಿಗೆ ವಯಸ್ಸಾಗಿದೆ, ಆದರೂ ರೋಗಿಗಳನ್ನು ನೋಡುತ್ತಾರಂತೆ. ನಾಳೆ ಅವರೆದುರು ನಿಂತು ಹೇಳಬೇಕು, ಕಾಳಮ್ಮನ ಕತೆಯನ್ನು ಎಲ್ಲಿ ಓದಿದಿರೋ ಅಲ್ಲೇ ತಿದ್ದಿ ಓದಿ, ನನ್ನ ಹೆಸರು ಹಾಕಿ ಓದಿ ಎನ್ನಬೇಕು. ಬಸ್ಸು ಬೆಳಿಗ್ಗೆ ಬೇಗ ಇದೆ, ನಾನೊಬ್ಬನೇ ಹೋಗಿಬರುತ್ತೇನೆ ಎಂದು ಇವತ್ತು ಅಮ್ಮನಿಗೆ ಹೇಳಿದೆ.

"ಬೇಡ, ನಾನೂ ಬರ್ತೀನಿ" ಎಂದಳು ಅಮ್ಮ. "ಅಲ್ಲಿ ಹೋಗಿ ನೀನು ಹೇಳ್ತೀಯ ಅಂತ ನನಗೆ ನಂಬಿಕೆ ಇಲ್ಲ."