ಎರಡು ಬೆನ್ನಿನ ಕುರ್ಚಿ

ಇಂಥ ಅನುಭವಗಳನ್ನು ಯಾರಾದರೂ ಹೇಳಿದಾಗ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಎದುರಾಡುವ ಸ್ವಭಾವ ನನ್ನದಲ್ಲ. ಆದರೆ ಹೇಳುವವರಿಗೆ ಆ ಹೊತ್ತಿನಲ್ಲಿ ನಿದ್ದೆಯೋ ಜ್ವರವೋ ಇದ್ದಿರಬೇಕು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ನನಗೆ ಅಂದು ನಿದ್ದೆಯೂ ಇರಲಿಲ್ಲ, ಜ್ವರವೂ ಇರಲಿಲ್ಲ. ನಡೆದದ್ದು ಹಾಡುಹಗಲಿನಲ್ಲಿ, ಬಾಗಿಲು ತೆರೆದಿದ್ದ ಅಂಗಡಿಯಲ್ಲಿ. ಈವರೆಗೆ ಒಬ್ಬರಿಗೆ ಮಾತ್ರ ಹೇಳಿದ್ದೇನೆ.

ಹುಣಸೂರಿನಲ್ಲಿ ಅಪ್ಪನಿಗೆ ಹಳೆಯ ಮರದ ಸಾಮಾನು ರಿಪೇರಿ ಮಾಡಿ ಮಾರುವ ಅಂಗಡಿಯಿದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಕೆಲಸಕ್ಕೆ ಕಾಯುತ್ತಿದ್ದ ವರ್ಷ, ಗುಜರಿಯವನೊಬ್ಬ ಒಂದು ಬೀಟೆಮರದ ಕುರ್ಚಿ ತಂದಿಳಿಸಿದ. ಕಾಫಿ ಎಸ್ಟೇಟಿನ ಬಂಗಲೆಗಳ ಜಗುಲಿಯಲ್ಲಿ ಹಿಂದೆ ಇರುತ್ತಿದ್ದಂಥ ಕುರ್ಚಿ. ತೋಳುಗಳ ಕೆತ್ತನೆ ಇನ್ನೂ ಹಾಗೇ ಇತ್ತು. ಆದರೆ ಯಾರೋ ಅದರ ನಾಲ್ಕೂ ಕಾಲುಗಳನ್ನು ಗೇಣುದ್ದಕ್ಕೆ ಕೊಯ್ದಿದ್ದರು. ಮುಂದುಗಡೆ ಪಾದ ಇಡಲು ಒಂದು ಹಲಗೆ ಜೋಡಿಸಿದ್ದರು. ಬೆನ್ನುಹಲಗೆಯ ಹಿಂಬದಿಗೆ ಕಬ್ಬಿಣದ ಬಳೆಗಳನ್ನು ಬಡಿದಿದ್ದರು. ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು, ಕೂತವರ ಬಲ ಮೊಣಕೈ ಪಕ್ಕದಲ್ಲಿ ಬೆನ್ನುಹಲಗೆಗೆ ಕೊರೆದಿದ್ದ ಒಂದು ದುಂಡು ತೂತು. ಅದರೊಳಗೆ ಹಿಂದಕ್ಕೂ ಮುಂದಕ್ಕೂ ಸರಿಯುವ ಮರದ ಗೂಟ. ಗೂಟದ ಹಿಂತುದಿಗೆ ಚರ್ಮ ಸುತ್ತಿ ಮೆತ್ತಗೆ ಮಾಡಿದ್ದರು.

“ಕ್ಷೌರದ ಕುರ್ಚಿ ಕಣ್ ಬೇಟಾ,” ಎಂದರು ಪಾಲಿಶ್ ಕೆಲಸದ ಬಾಷಾ ಮಾವ. “ಗಿರಾಕಿ ಅಲ್ಲಾಡುದ್ರೆ ಗೂಟದಲ್ಲಿ ತಿವಿಯೋದು.”

“ಅತ್ತೇನ ಕೂರ್ಸಿ ಕಟ್ಟಾಕಕ್ಕೆ ಯಾವಳೋ ಸೊಸೆ ಮಾಡ್ಸಿರ್ಬೇಕು ಬುಡಿ,” ಎಂದು ಅಪ್ಪ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ತೂತು ಮುಚ್ಚಿ ವಸ ಕಾಲು ಕೊಟ್ರೆ ಆಯ್ತು ಕಣವ್ವ. ಮರ ಚಿನ್ನದಂಗದೆ,” ಎಂದರು.

ಸ್ವಲ್ಪ ದಿನ ಹಾಗೇ ಬಿಡಿ ಎಂದು ನಾನು ಕೇಳಿಕೊಂಡೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸಕ್ಕೆ ಕಾರಣವಿಲ್ಲದೆ ಇರುವುದಿಲ್ಲ ಎನಿಸಿತ್ತು.

ಒಂದು ಮಧ್ಯಾಹ್ನ ಅಪ್ಪ, ಬಾಷಾ ಮಾವ ಇಬ್ಬರೂ ಊಟಕ್ಕೆ ಹೋಗಿದ್ದರು. ಕರೆಂಟ್ ಇರಲಿಲ್ಲವಾದ್ದರಿಂದ ಅಂಗಡಿಯಲ್ಲಿ ಯಾವ ಯಂತ್ರವೂ ಓಡುತ್ತಿರಲಿಲ್ಲ. ಕುರ್ಚಿ ಕೋಣೆಯ ನಡುವೆ ಕಲ್ಲುಹಾಸಿನ ಮೇಲಿತ್ತು. ಅದರ ಹಿಂದೆ ಗೋಡೆಯಾಗಲಿ ಬೇರೆ ಸಾಮಾನಾಗಲಿ ಇರಲಿಲ್ಲ. ಟೇಪಿನಿಂದ ಎಲ್ಲ ಅಳೆದಾದ ಮೇಲೆ, ಕೂತೇ ನೋಡೋಣ ಎಂದು ಕೂತೆ.

ಕೂತ ಕೂಡಲೇ ಬಲಗೈ ತಾನಾಗಿ ಗೂಟದ ಮೇಲೆ ಹೋಯಿತು. ಅದನ್ನು ಇಟ್ಟಿದ್ದ ಜಾಗವೇ ಹಾಗಿತ್ತು, ಅದರಲ್ಲಿ ವಿಶೇಷವಿಲ್ಲ. ಗೂಟವನ್ನು ಒತ್ತಿದೆ. ಸುಲಭವಾಗಿ ಸರಿದು, ತುದಿ ಯಾವುದಕ್ಕೋ ತಾಗಿ ನಿಂತಿತು. ಮರಕ್ಕೆ ತಾಗಿದಂತಿರಲಿಲ್ಲ; ತಾಗಿದ್ದು ಮೆತ್ತಗಿತ್ತು, ಒತ್ತಿದಷ್ಟೂ ಒಳಗೆ ಹೋಗಿ ಮತ್ತೆ ಹಿಂದಕ್ಕೆ ದೂಡುತ್ತಿತ್ತು. ಅದೇ ಹೊತ್ತಿಗೆ ನನ್ನ ಬೆನ್ನಿಗೆ ಹಲಗೆ ಬೆಚ್ಚಗಾಯಿತು. ಆಮೇಲೆ ಕುರ್ಚಿ ಎರಡು ಸಲ ಮೆಲ್ಲಗೆ ಮೇಲಕ್ಕೆದ್ದು ಇಳಿಯಿತು. ಮಗುವನ್ನು ಎತ್ತಿಕೊಂಡವರು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ.

ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಗೂಟವನ್ನು ಮತ್ತೆ ಮತ್ತೆ ಒತ್ತಿದೆ; ಖಾಲಿ ಗಾಳಿಯಲ್ಲಿ ಸರಿದಾಡಿತು, ಅಷ್ಟೇ. ಮುಖ್ಯರಸ್ತೆಯಲ್ಲಿ ಲಾರಿ ಹೋಗಿ ನೆಲ ನಡುಗಿರಬೇಕು ಎಂದುಕೊಂಡೆ. ಆದರೆ ನನ್ನ ಕಾಲಬಳಿ, ಅದೇ ಕಲ್ಲಿನ ಮೇಲೆ, ಅಂಚಿನವರೆಗೂ ಚಹಾ ತುಂಬಿದ್ದ ಲೋಟವಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಅಪ್ಪನಿಗೆ ಹೇಳಲಿಲ್ಲ. ಸುಮ್ಮನಿರಲಾರದೆ ಬಟ್ಟೆ ತಗೊಂಡು ಕುರ್ಚಿ ಒರೆಸತೊಡಗಿದೆ. ಆಗ ಕಣ್ಣಿಗೆ ಬಿದ್ದದ್ದು ಇದು. ಯಾವ ಕುರ್ಚಿಯಾದರೂ ಬೆನ್ನುಹಲಗೆ ಸವೆಯುವುದು ಒಳಬದಿಯಲ್ಲಿ, ಕೂತವರ ಬೆನ್ನು ಉಜ್ಜಿ. ಇದರ ಹಿಂಬದಿಯೂ ಅಷ್ಟೇ ನುಣುಪಾಗಿತ್ತು, ಬೆವರು ಕುಡಿದು ಕಪ್ಪಾಗಿತ್ತು. ಈ ಹಲಗೆಗೆ ಎರಡು ಬೆನ್ನುಗಳು ಒರಗಿದ್ದವು. ಬಳೆಗಳು ಹೆಗಲಪಟ್ಟಿಗೆ. ಕಾಲು ಕೊಯ್ದದ್ದು ಭಾರ ಕಡಿಮೆ ಮಾಡಲಿಕ್ಕೆ, ಅಡಿಹಲಗೆ ಜೋತಾಡುವ ಕಾಲಿಗೆ. ಯಾರನ್ನೋ ಯಾರೋ ಬೆನ್ನ ಮೇಲೆ ಹೊತ್ತು ನಡೆದಿದ್ದರು. ಗೂಟ ಮಾತ್ರ ಅರ್ಥವಾಗಲಿಲ್ಲ.

ಗುಜರಿಯವನನ್ನು ವಿಚಾರಿಸಿ, ಮರುದಿನ ಹನಗೋಡಿನ ಬಸ್ ಹತ್ತಿದೆ. ಅಲ್ಲಿಂದ ಮುಂದೆ, ಕಾಡಿನ ಅಂಚಿನಲ್ಲಿ ಬುಡಕಟ್ಟಿನವರ ಹಾಡಿಯೊಂದರಲ್ಲಿ, ಫೋನಿನಲ್ಲಿದ್ದ ಕುರ್ಚಿಯ ಚಿತ್ರ ತೋರಿಸಿದರೆ, ಹೆಂಗಸೊಬ್ಬಳು ನೋಡಿದ ತಕ್ಷಣ, “ಕಾಳಣ್ಣನ ಕುರ್ಚಿ ಅಲ್ವಾ ಇದು! ಗೌರಜ್ಜಿ ತಾವ್ಕೆ ಓಗಿ,” ಎಂದು ಮನೆ ತೋರಿಸಿದಳು.

ಗೌರಜ್ಜಿ ಹೊಸ ಮನೆಯ ಬಾಗಿಲಲ್ಲಿ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಚಿಕ್ಕಂದಿನಿಂದ ಅವರ ಎರಡೂ ಕಾಲಿಗೆ ಬಲವಿಲ್ಲ. ಅಣ್ಣ ಕಾಳಣ್ಣ ಹುಟ್ಟು ಕಿವುಡ. ಕೊಡಗಿನ ಎಸ್ಟೇಟಿನಲ್ಲಿ ಕೂಲಿ ಮಾಡುವಾಗ ಸಾಹುಕಾರರು ಎಸೆದಿದ್ದ ಕುರ್ಚಿಯನ್ನು ತಂದು, ತಂಗಿಗಾಗಿ ತಾನೇ ಕೊಯ್ದು ಜೋಡಿಸಿದ್ದನಂತೆ. ಹಳೆ ಗುಡಿಸಲು ಕೆಡವಿದಾಗ ಅಜ್ಜಿಯನ್ನು ಕೇಳದೆ ಇನ್ನೊಬ್ಬ ಅಣ್ಣನ ಮಗ ಅದನ್ನು ಗುಜರಿಗೆ ಹಾಕಿದ್ದ.

“ಅವನ ಮೊಕ ಮುಂದ್ಕೆ, ನನ್ ಮೊಕ ಇಂದ್ಕೆ,” ಎಂದು ಅಜ್ಜಿ ನಕ್ಕರು. “ಇಂದಿಂದ ಲಾರಿ ಬರ್ಲಿ, ಆನೆ ಬರ್ಲಿ, ಅವನಿಗೆಲ್ಲಿ ಕೇಳ್ಬೇಕು? ನಾನ್ ಗೂಟ ಒತ್ತಿದ್ರೆ ಅವನ್ ಬೆನ್ಗೆ ಗೊತ್ತಾಗದು. ಒಂದ್ಸಲ ಆನೆ ಬಂದೇ ಬುಡ್ತು. ಎಂಗ್ ಒತ್ತಿದೆ ಅಂದ್ರೆ, ಬೆನ್ನು ಬಾತೋಗಿತ್ತು. ಆನೆ ಬುಟ್ಟಾಕಿ ನನ್ ಮ್ಯಾಲೆ ಸಿಟ್ ಮಾಡ್ಕಂಡ!”

ನಾನೂ ನಕ್ಕೆ. ಆಮೇಲೆ ಅವರ ಕೈ ಅವರೆಕಾಯಿಯ ಮೇಲೆ ನಿಂತಿತು. ಅಣ್ಣನಿಗೆ ಜ್ವರ ಏರಿ ಮೈಸೂರಿನ ಆಸ್ಪತ್ರೆಗೆ ಸಾಗಿಸಿದಾಗ ಅಜ್ಜಿಯನ್ನು ಕರೆದೊಯ್ಯಲು ಆಗಿರಲಿಲ್ಲ. ಅವನು ಅಲ್ಲೇ ಹೋಗಿಬಿಟ್ಟ.

“ನನ್ನೊಬ್ಬಳಿಗೇ ಕಣವ್ವ ಅವನ್ ತಾವ ಮಾತಾಡಕ್ ಬತ್ತಿದ್ದುದ್ದು. ಅಲ್ಲಿ ಮಂಚದ ಮ್ಯಾಲೆ ಬೆನ್ನು ಕೊಟ್ಕಂಡ್ ಮಲ್ಗಿದ್ನಂತೆ. ಯಾರು ಏನ್ ಯೋಳಿರ್ತಾರೆ ಅವನ್ಗೆ? ಎದ್ರಿಕಂಡ್ನೋ, ನನ್ನ ಉಡುಕುದ್ನೋ. ಅದೊಂದು ಗೊತ್ತಾಗ್ನೇ ಇಲ್ಲ. ರಾತ್ರಿ ಎಚ್ಚರ ಆದ್ರೆ ಅದೇಯ.”

ನಾನು ಯಾರ ಬಳಿಯೂ ಸುಲಭವಾಗಿ ಬಾಯಿಬಿಡುವವಳಲ್ಲ. ಆದರೆ ಅಂದು ಹೇಳಿದೆ. ಕೂತದ್ದು, ಗೂಟ ಒತ್ತಿದ್ದು, ಹಲಗೆ ಬೆಚ್ಚಗಾದದ್ದು, ಕುರ್ಚಿ ಎದ್ದು ಇಳಿದದ್ದು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಏಟ್ ಸಲ?”

“ಎರಡು.”

“ದಿಟ ಯೋಳು ಕೂಸೇ. ಎರಡೇಯ?”

“ಎರಡೇ ಅಜ್ಜಿ.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಹೇಳಿದರು: “ಎಗಲು ಒಂದು ಸಲ ಎತ್ತುದ್ರೆ ಗೊತ್ತಾಯ್ತು ಅಂತ. ಎರಡು ಸಲ ಎತ್ತುದ್ರೆ, ಬಂದ್ಬುಟ್ಟೊ, ಇನ್ನಿಳೀಬೋದು ಅಂತ.” ಮತ್ತೆ ಕೇಳಿದರು, “ಜೋರಾಗ್ ಎತ್ತುದ್ನಾ, ಮೆತ್ಗಾ?”

“ಮೆತ್ತಗೆ.”

“ಅಂಗಾದ್ರೆ ದಣಿದಿರ್ನಿಲ್ಲ ಬುಡು,” ಎಂದರು. “ದಣಿದಿದ್ರೆ ಜೋರಾಗ್ ಎತ್ತಾಕೋನು.” ಮತ್ತೆ ಅವರೆಕಾಯಿ ಸುಲಿಯಲು ಶುರುಮಾಡಿದರು. ಕಣ್ಣೀರು ಮೊರಕ್ಕೆ ಬೀಳುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಯಾರ ಕುರ್ಚಿ ಎಂದು ಹೇಳಿದಾಗ ಅಪ್ಪ ಬೇರೇನೂ ಕೇಳಲಿಲ್ಲ. “ಅವರ್ದು ಅವರ್ಗೇ ಸೇರ್ಲಿ ಬುಡು,” ಎಂದು ಗೂಡ್ಸ್ ಆಟೋದಲ್ಲಿ ಹಾಕಿಸಿದರು. ತೂತು ಹಾಗೇ ಇತ್ತು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಬಿಸಿಲು ಕಾಯಿಸಿದ ಮರ, ನನ್ನದೇ ಮೈಯ ನಡುಕ, ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಹುಡುಕಿದ್ದೇನೆ. ಎರಡು ಸಲ ಎಂಬುದಕ್ಕೆ ಮಾತ್ರ ಯಾವುದೂ ಹೊಂದುವುದಿಲ್ಲ. ಅದರ ಅರ್ಥ ಗೊತ್ತಾಗುವ ಮೊದಲೇ ನಾನು ಅದನ್ನು ಹೇಳಿದ್ದೆ. ಭೂತ, ಆತ್ಮ ಎಂಬ ಮಾತುಗಳನ್ನು ಇವತ್ತಿಗೂ ನಂಬಲಾರೆ. ಅಂದು ನಡೆದದ್ದು ಸುಳ್ಳು ಎನ್ನಲಾರೆ.

ಕುರ್ಚಿಯನ್ನು ಅಜ್ಜಿಯ ಮನೆಯಲ್ಲಿ ಇಳಿಸಿದ ದಿನ, ಜಾಗ ಚಿಕ್ಕದೆಂದು ನಾನು ಅದನ್ನು ಗೋಡೆಗೆ ಒತ್ತಿ ಇಟ್ಟಿದ್ದೆ. “ಅಂಗಲ್ಲ ಕೂಸೇ, ಒಸಿ ಈಚ್ಗೆ ಎಳಿ,” ಎಂದರು ಅಜ್ಜಿ. ಎಳೆದೆ. ಸಾಲದು ಎಂದರು. ಒಬ್ಬರು ನಿಲ್ಲುವಷ್ಟು ಜಾಗವನ್ನು ಹಿಂದೆ ಬಿಟ್ಟು ಬಂದೆ.