ಟರ್ಬೈನ್ ಮನೆಯ ಸುಧಾಮಣಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಸ್ವಲ್ಪ ಹೊತ್ತಿಗೆ ಬಸ್ಸಿನಲ್ಲಿ ಕೂತವರೆಲ್ಲ ಮೂಗು ಮುಚ್ಚಿಕೊಳ್ಳುವ ಒಂದು ತಾವಿದೆ. ಚೆಂಡು ಹೂವನ್ನು ಗುಂಡಿಗಳಲ್ಲಿ ತುಂಬಿ ಹುಳಿ ಬರಿಸುವ ಕಾರ್ಖಾನೆ ಅದು. ಹುಳಿ ಬಂದ ಹೂವನ್ನು ಹಿಂಡಿ, ಒಣಗಿಸಿ, ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ. ಸುಧಾಮಣಿಗೆ ಆ ವಾಸನೆ ಈಗ ಗೊತ್ತೇ ಆಗುವುದಿಲ್ಲ. ಹಂಗಳದಿಂದ ಬೆಳಗಿನ ಬಸ್ಸು ಹಿಡಿದು ಬಂದು, ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿ, ಹೂವಿನ ಗುಂಡಿಗಳನ್ನು ಬಳಸಿಕೊಂಡು ಹಿಂದುಗಡೆಯ ಟರ್ಬೈನ್ ಮನೆಗೆ ಹೋಗುತ್ತಾಳೆ. ಅಲ್ಲಿ ಅವಳು ಆಪರೇಟರು.

ಟರ್ಬೈನು ಒಂದು ಲಾರಿಯಷ್ಟು ಉದ್ದದ ಯಂತ್ರ. ಗಾಳಿಯನ್ನು ಒಳಗೆಳೆದು ಒತ್ತಿ, ಅದರಲ್ಲಿ ಗ್ಯಾಸು ಉರಿಸಿ, ಆ ಬಿಸಿಗಾಳಿಯ ರಭಸಕ್ಕೆ ಚಕ್ರಗಳನ್ನು ತಿರುಗಿಸುತ್ತದೆ. ಚಕ್ರದಿಂದ ಕಾರ್ಖಾನೆಗೆ ಕರೆಂಟು ಸಿಗುತ್ತದೆ, ಹೊರಗೆ ನುಗ್ಗುವ ಬಿಸಿಗಾಳಿಯಲ್ಲಿ ಹೂವು ಒಣಗುತ್ತದೆ. ಗ್ಯಾಸು ಕೇರಳದ ಕಡೆಯಿಂದ ಟ್ಯಾಂಕರುಗಳಲ್ಲಿ ಮದ್ದೂರಿನ ಕಾಡು ದಾಟಿ ಬರುತ್ತದೆ. ರಾತ್ರಿ ಕಾಡಿನ ಗೇಟು ಮುಚ್ಚಿರುತ್ತದಾದ್ದರಿಂದ ಟ್ಯಾಂಕರು ಬೆಳಗಾದ ಮೇಲೆಯೇ ಮುಖ ತೋರಿಸುವುದು.

ಅದೇ ಟರ್ಬೈನಿನ ಬಳಿ ಅವಳ ಗಂಡ ಕನಕರಾಜು ಫಿಟ್ಟರ್ ಆಗಿದ್ದ. ಆರು ವರ್ಷದ ಹಿಂದೆ ಒಂದು ಸಲ ಗ್ಯಾಸಿನ ಟ್ಯಾಂಕರು ಕೆಲವು ದಿನ ಬರಲಿಲ್ಲ. ಆ ಯಂತ್ರ ಗ್ಯಾಸಿನಲ್ಲೂ ಓಡುತ್ತದೆ, ಎಣ್ಣೆಯಲ್ಲೂ ಓಡುತ್ತದೆ ಎಂದು ಕೊಂಡಾಗಲೇ ಹೇಳಿದ್ದರು. ಆದರೆ ಎಣ್ಣೆಯ ಪೈಪನ್ನು ಯಾರೂ ಮುಟ್ಟಿರಲಿಲ್ಲ. ಡೀಸೆಲ್ ತರಿಸಿ ಚಾಲೂ ಮಾಡಲು ಹೋದರು. ಮೊದಲ ಸಲ ಹತ್ತಲಿಲ್ಲ, ಎರಡನೆಯ ಸಲವೂ ಹತ್ತಲಿಲ್ಲ. ಮೂರನೆಯ ಸಲ ಒಮ್ಮೆಗೇ ಹತ್ತಿಕೊಂಡು, ಹಿಂದಿನ ಬಿಸಿಗಾಳಿ ಕೊಳವೆಯ ಬಾಗಿಲು ಕಿತ್ತು ಬೆಂಕಿ ಹೊರಗೆ ಬಂತು. ಬಾಗಿಲ ಹತ್ತಿರ ಕನಕರಾಜು ನಿಂತಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡ.

ಅಷ್ಟರಲ್ಲಿ ಗ್ಯಾಸು ಬಂತು. ಎಣ್ಣೆಯ ಪೈಪಿಗೆ ಬೀಗ ಹಾಕಿ ಟಾರ್ಪಾಲು ಹೊದಿಸಿದರು. ಸುಧಾಮಣಿಗೆ ಕೆಲಸ ಕೊಟ್ಟರು.

ಮೊದಮೊದಲು ಅವಳನ್ನು ಪ್ಯಾಕಿಂಗಿಗೆ ಹಾಕಿದ್ದರು. ಅವಳು ಮದುವೆಗೆ ಮುಂಚೆ ಐಟಿಐ ಓದಿದ್ದವಳು. ಆಫೀಸಿಗೆ ಹೋಗಿ, ತನಗೆ ಟರ್ಬೈನ್ ಮನೆಯ ಕೆಲಸ ಬೇಕು ಎಂದಳು. ಹಠಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡರು ಅಲ್ಲಿನವರು. ಅವಳಿಗಿದ್ದದ್ದು ಹಠವಲ್ಲ. ಗಂಡ ಹೇಗೆ ಸತ್ತ ಎಂದು ಕೇಳಿದಾಗಲೆಲ್ಲ "ಬೆಂಕಿ ತಗುಲ್ಬುಡ್ತು" ಎಂದಷ್ಟೇ ಜನ ಹೇಳುತ್ತಿದ್ದರು. ಅಷ್ಟು ಸಾಲದಾಗಿತ್ತು ಅವಳಿಗೆ.

ಅವಳಿಗೆ ಕೆಲಸ ಕಲಿಸಿದವರು ಹಿರಿಯ ಆಪರೇಟರು ಗುರುಮಲ್ಲಯ್ಯ. ಆ ದಿನ ಸ್ಟಾರ್ಟ್ ಗುಂಡಿ ಒತ್ತಿದ್ದವರೂ ಅವರೇ. ಇದು ಕಾರ್ಖಾನೆಗೆಲ್ಲ ಗೊತ್ತು, ಸುಧಾಮಣಿಗೂ ಗೊತ್ತು. ಅವಳ ಅತ್ತೆ ಸಣ್ಣಮ್ಮ ಆ ಮನುಷ್ಯನನ್ನು ಸಂತೆಯಲ್ಲಿ ಕಂಡರೂ ಮುಖ ತಿರುಗಿಸುತ್ತಾಳೆ. ಮೀಟರು ನೋಡುವುದು, ಶಬ್ದ ಕೇಳುವುದು, ಫಿಲ್ಟರು ಬಿಚ್ಚುವುದು, ಎಲ್ಲವನ್ನೂ ಗುರುಮಲ್ಲಯ್ಯ ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಟಾರ್ಪಾಲು ಹೊದ್ದಿದ್ದ ಪೈಪಿನ ವಿಷಯ ಮಾತ್ರ ಎತ್ತಲಿಲ್ಲ. ಅವಳೂ ಕೇಳಲಿಲ್ಲ. ಹೀಗೆ ವರ್ಷಗಳು ಹೋದವು.

ಈ ವರ್ಷ ಹೂವಿನ ಕಾಲ ಶುರುವಾಗುವ ಹೊತ್ತಿಗೆ ಗ್ಯಾಸು ಮತ್ತೆ ಕೈಕೊಟ್ಟಿತು. ಸಮುದ್ರದಾಚೆ ಎಲ್ಲೋ ಯುದ್ಧ, ಹಡಗು ಬರುತ್ತಿಲ್ಲ, ಬಂದಷ್ಟು ಗ್ಯಾಸು ಮೊದಲು ಮನೆಗಳಿಗೆ, ಗೊಬ್ಬರದ ಕಾರ್ಖಾನೆಗಳಿಗೆ ಎಂದರು. ಟ್ಯಾಂಕರು ಎರಡು ದಿನಕ್ಕೊಂದು ಬರುತ್ತಿದ್ದದ್ದು ವಾರಕ್ಕೊಂದಾಯಿತು, ಆಮೇಲೆ ನಿಂತೇ ಹೋಯಿತು. ಇತ್ತ ಗುಂಡಿಗಳು ತುಂಬಿ ಹೂವು ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಣಗದಿದ್ದರೆ ಇನ್ನು ಹೂವು ಕೊಳ್ಳುವ ಹಾಗಿಲ್ಲ. ಹೊಲದಲ್ಲಿ ಅರಳಿದ ಹೂವು ಕಾಯುವುದಿಲ್ಲ. ಸೌದೆ ಉರಿಸೋಣವೆಂದರೆ ಕಾಡಂಚಿನ ಊರು, ಅಷ್ಟು ಸೌದೆಗೆ ಒಪ್ಪಿಗೆ ಸಿಗುವುದಿಲ್ಲ.

ಎಂಜಿನಿಯರು ದಿಲೀಪ್ ಎಲ್ಲರನ್ನೂ ಕರೆದು ವಿಷಯ ಹೇಳಿದ. ಚಾಮರಾಜನಗರದ ಕಡೆಯವನು, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. "ಎಣ್ಣೇಲಿ ಓಡ್ಸ್ಬೇಕು. ಹೊಂಗೆ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಸಿಗ್ತಿದೆ, ಡೀಸೆಲ್ ಜೊತೆ ಬೆರೆಸ್ತೀವಿ. ಆದ್ರೆ ಆತುರ ಇಲ್ಲ. ಆ ಲೈನನ್ನ ಪೂರ್ತಿ ಬಿಚ್ಚಿ ನೋಡ್ದೆ ಒಂದು ತೊಟ್ಟು ಎಣ್ಣೆನೂ ಬಿಡಲ್ಲ" ಎಂದ. ಆಮೇಲೆ ಸುಧಾಮಣಿಯತ್ತ ತಿರುಗಿ, "ನಿಮಗೆ ಕಷ್ಟ ಆದ್ರೆ ಬೇರೆ ಕಡೆ ಡ್ಯೂಟಿ ಹಾಕ್ಕೊಡ್ತೀನಿ" ಎಂದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

ಲೈನು ಬಿಚ್ಚಿದ ದಿನ ಯಂತ್ರದ ಅಡಿಯಿಂದ ಒಂದು ವಾಲ್ವು ಹೊರಗೆ ಬಂತು. ಎಣ್ಣೆ ಹತ್ತದೆ ಉಳಿದರೆ ಅದು ಕೆಳಗಿಳಿದು ಹೊರಗೆ ಹರಿದುಹೋಗಲಿ ಎಂದು ಇಟ್ಟ ವಾಲ್ವು. ಅದರ ಬಾಯಿ ಕಪ್ಪು ಅಂಟಿನಿಂದ ಮುಚ್ಚಿಹೋಗಿತ್ತು. ಗುರುಮಲ್ಲಯ್ಯ ಅದನ್ನು ಒಂದು ಗಳಿಗೆ ನೋಡಿ, ಎದ್ದು ಹೊರಗೆ ಹೋದರು. ಸುಧಾಮಣಿ ಅದನ್ನು ಕೈಗೆ ತೆಗೆದುಕೊಂಡಳು. ಒಳಗೆ ಕಿರುಬೆರಳು ತೂರಿಸಿದಳು, ಹೋಗಲಿಲ್ಲ.

ಆ ಸಂಜೆ ಮನೆಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಸಣ್ಣಮ್ಮ ಕೇಳಿದಳು. ಹಂಗಳದಂಥ ಊರಲ್ಲಿ ಸುದ್ದಿ ಆಗಲೇ ಬಂದಿತ್ತು.

"ಅದೇ ಎಣ್ಣೆನಾ ಕೂಸು?"

"ಎಣ್ಣೆ ಬ್ಯಾರೆ ಅತ್ತೆ. ಹೊಂಗೆ ಎಣ್ಣೇಲಿ ಮಾಡಿರದು."

"ಪೈಪು ಅದೇ ತಾನೆ?"

"ಅದೇ."

ಸಣ್ಣಮ್ಮನ ಕೈ ನಿಂತಿತು. "ರಜ ಆಕ್ಬುಡು. ಅದೇನ್ ಓಡುಸ್ಕಂಡರೋ ಓಡುಸ್ಕಳ್ಳಿ. ನನ್ನ ಮಗನ್ನ ತಕ್ಕಂಡಿದ್ದು ಸಾಲ್ದಾ?"

"ನಾನ್ ರಜ ಆಕುದ್ರೆ ಇನ್ನೊಬ್ರು ನಿಂತ್ಕಬೇಕಲ್ಲ ಅತ್ತೆ. ಅವ್ರ್ ಮನೇಲೂ ಜನ ಅವ್ರೆ."

ಸಣ್ಣಮ್ಮ ಎದ್ದಳು. ಕಡಲೆಕಾಯಿ ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಮಲಗಿದಳು. ಹೈಸ್ಕೂಲು ಓದುತ್ತಿದ್ದ ಮಗಳು ಅನು ಅಜ್ಜಿಯನ್ನೂ ಅಮ್ಮನನ್ನೂ ನೋಡಿ, ಮಿಕ್ಕ ಕಾಯಿಗಳನ್ನು ತಾನೇ ಬಿಡಿಸಿದಳು.

ಲೈನನ್ನೆಲ್ಲ ತೊಳೆದು ಕೂಡಿಸಿದ ಮೇಲೆ ಒಂದು ಬೆಳಿಗ್ಗೆ ಟರ್ಬೈನ್ ಮನೆಯಿಂದ ಬೇಡದವರನ್ನೆಲ್ಲ ಹೊರಗೆ ಕಳಿಸಿದ್ದರು. ವಾಲ್ವು ಹೊಸದಾಗಿತ್ತು. ಬಿಸಿಗಾಳಿ ಕೊಳವೆಯ ಸುತ್ತ ಯಾರೂ ಸುಳಿಯದಂತೆ ಹಗ್ಗ ಕಟ್ಟಿದ್ದರು. ಗುರುಮಲ್ಲಯ್ಯ ಸ್ಟಾರ್ಟ್ ಗುಂಡಿಯ ಮುಂದೆ ಬಂದು ನಿಂತರು. ಕೈ ಎತ್ತಿದರು. ಎತ್ತಿದ ಕೈ ಹಾಗೇ ಇತ್ತು.

"ಆಗದಿಲ್ಲ ಕನವ್ವ," ಎಂದರು ಮೆಲ್ಲಗೆ. "ನನ್ ಕೈಲಿ ಆಗದಿಲ್ಲ."

"ಬುಡಿ ಗುರುಮಲ್ಲಣ್ಣ. ನೀವು ಮೀಟ್ರು ನೋಡಿ," ಎಂದಳು ಸುಧಾಮಣಿ. ಅವರು ಬಿಟ್ಟ ಜಾಗದಲ್ಲಿ ನಿಂತು, ದಿಲೀಪ್ ತಲೆಯಾಡಿಸಿದ ಮೇಲೆ ಗುಂಡಿ ಒತ್ತಿದಳು.

ಮೋಟಾರು ಟರ್ಬೈನನ್ನು ತಿರುಗಿಸಿತು. ಶಬ್ದ ಏರಿತು. ಕಿಡಿ ಹಾರಿದ್ದಕ್ಕೆ ದೀಪ ಬಂತು, ಎಣ್ಣೆ ಬಿಟ್ಟದ್ದಕ್ಕೆ ದೀಪ ಬಂತು. ಬಿಸಿ ಮಾತ್ರ ಏರಲಿಲ್ಲ. ಯಂತ್ರ ತಾನಾಗೇ ನಿಂತಿತು. ಹತ್ತಲಿಲ್ಲ.

ಆಫೀಸಿನಿಂದ ಫೋನು ಬಂತು, ಏನಾಯಿತು, ಇನ್ನೊಂದು ಸಲ ನೋಡಿ ಎಂದು. "ನೋಡ್ತೀವಿ ಸಾರ್, ಈಗಲ್ಲ," ಎಂದು ದಿಲೀಪ್ ಫೋನಿಟ್ಟ. ಬರಿಯ ಗಾಳಿ ಹಾಯಿಸಿ ಒಳಭಾಗ ಚೊಕ್ಕವಾಗುವಂತೆ ಯಂತ್ರವನ್ನು ತಿರುಗಲು ಬಿಟ್ಟು, ಕೆಳಗಿನ ವಾಲ್ವಿನ ಬಾಯಿಗೆ ಬಕೆಟ್ಟು ಹಿಡಿಯಲು ತಾನೇ ಬಗ್ಗಿದ. ಸುಧಾಮಣಿ ಅವನ ಕೈಯಿಂದ ಬಕೆಟ್ಟು ತೆಗೆದುಕೊಂಡಳು.

ಎಣ್ಣೆ ಇಳಿಯತೊಡಗಿತು. ಮೊದಲು ತೊಟ್ಟುತೊಟ್ಟಾಗಿ, ಆಮೇಲೆ ಧಾರೆಯಾಗಿ, ಮತ್ತೆ ತೊಟ್ಟಾಗಿ ನಿಂತಿತು. ಅರ್ಧ ಬಕೆಟ್ಟೂ ತುಂಬಲಿಲ್ಲ. ಜೇನಿನ ಬಣ್ಣದ ಎಣ್ಣೆ, ಹೊಂಗೆಯ ಒಗರು ವಾಸನೆ. ಅವಳು ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡಿದಳು.

"ಇಷ್ಟೇನಾ ಸಾರ್?"

ದಿಲೀಪನಿಗೆ ಅವಳು ಕೇಳಿದ್ದು ಅರ್ಥವಾಯಿತು. "ಅವತ್ತು ಎರಡು ಸಲದ್ದು ಒಳಗೇ ನಿಂತಿತ್ತು ಅನ್ಸುತ್ತೆ. ಇದರ ಎರಡರಷ್ಟಿರ್ಬೋದು," ಎಂದ.

"ಇಷ್ಟು ಎಣ್ಣೆ ಕೆಳಕ್ಕೆ ಇಳಿದಿದ್ರೆ ಸಾಕಿತ್ತು."

"ಹೌದು."

ಹಿಂದೆ ನಿಂತಿದ್ದ ಗುರುಮಲ್ಲಯ್ಯ ಗೋಡೆಗೆ ಒರಗಿದರು. ಸುಧಾಮಣಿಗೆ ಅಳು ಬಂತು. ಗಂಡನ ಹೆಣ ಮನೆಗೆ ಬಂದಾಗ ಬಾರದೆ ಉಳಿದಿದ್ದ ಅಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಸಮಾಧಾನ ಹೇಳಲು ಬರಲಿಲ್ಲ, ಅದೇ ಅವಳಿಗೆ ಹಿತವಾಯಿತು. ಗಾಳಿ ಹಾಯುವ ಶಬ್ದ ಮುಗಿಯುವವರೆಗೂ ಅತ್ತು, ಎದ್ದು ಬಕೆಟ್ಟಿನ ಎಣ್ಣೆಯನ್ನು ಹೊರಗಿನ ಡ್ರಮ್ಮಿಗೆ ಸುರಿದು ಬಂದಳು.

ಕಿಡಿ ಹಾರಿಸುವ ಪ್ಲಗ್ಗಿನ ತುದಿ ಮಸಿ ಹಿಡಿದಿತ್ತು. ಅದನ್ನು ಬದಲಾಯಿಸಿದರು. ಬೆರಕೆ ಎಣ್ಣೆಗಿಂತ ಬರಿಯ ಡೀಸೆಲ್ ಸಲೀಸಾಗಿ ಹತ್ತುತ್ತದೆ, ಮೊದಲು ಅದರಲ್ಲಿ ಚಾಲೂ ಮಾಡಿ ಆಮೇಲೆ ಹೊಂಗೆಯದ್ದು ಬೆರೆಸೋಣ ಎಂದ ದಿಲೀಪ್. ಸುಧಾಮಣಿ ಮತ್ತೆ ಗುಂಡಿ ಒತ್ತಿದಳು. ಶಬ್ದ ಏರಿತು, ದೀಪಗಳು ಬಂದವು, ಬಿಸಿಯ ಅಂಕಿ ಒಂದು ಕ್ಷಣ ಕದಲದೆ ನಿಂತು ಆಮೇಲೆ ಏರತೊಡಗಿತು. "ಇಡ್ಕತ್ತು," ಎಂದರು ಗುರುಮಲ್ಲಯ್ಯ ಮೀಟರಿನಿಂದ ಕಣ್ಣು ಕೀಳದೆ. "ಇಡ್ಕತ್ತು ಕನವ್ವ."

ಆ ಮಳೆಗಾಲ ಟರ್ಬೈನು ಎಣ್ಣೆಯಲ್ಲೇ ಓಡಿತು. ಸುಲಭವಾಗಿರಲಿಲ್ಲ. ಎಣ್ಣೆ ಚಿಮ್ಮಿಸುವ ನಳಿಗೆಗಳಿಗೆ ಮಸಿ ಕಟ್ಟುತ್ತಿತ್ತು, ಬಿಚ್ಚಿ ತೊಳೆಯಬೇಕಿತ್ತು. ಹೊಂಗೆಯ ಎಣ್ಣೆ ನಿಂತರೆ ಅಂಟಾಗುತ್ತದೆಂದು ಪ್ರತಿ ಸಲ ನಿಲ್ಲಿಸುವ ಮೊದಲು ಬರಿಯ ಡೀಸೆಲ್ ಓಡಿಸಿ ಪೈಪು ತೊಳೆಯಬೇಕಿತ್ತು. ಕರೆಂಟು ಮೊದಲಿನಷ್ಟು ಬರಲಿಲ್ಲ. ಆದರೂ ಹೂವು ಒಣಗಿತು, ಅಂಗಳದ ರಾಶಿ ಕರಗಿತು.

ದಸರಾ ಕಳೆದ ಮೇಲೆ ಟ್ಯಾಂಕರುಗಳು ಮತ್ತೆ ಕಾಡು ದಾಟಿ ಬಂದವು. ಎಣ್ಣೆಯ ಲೈನಿಗೆ ಬೀಗ ಹಾಕಿ ಎಂದು ಮೇಲಿನಿಂದ ಹೇಳಿಕೆ ಬಂತು. ಸುಧಾಮಣಿ ದಿಲೀಪನ ಕೋಣೆಗೆ ಹೋದಳು.

"ಬೀಗ ಆಕ್ಬ್ಯಾಡಿ ಸಾರ್. ತಿಂಗಳಿಗೊಂದ್ ಸಲ ಓಡ್ಸನ. ಮುಟ್ದೆ ಇದ್ದಿದ್ಕೇ ಅವತ್ತು ಅಂಗಾಗಿದ್ದು."

"ನಾನೂ ಅದನ್ನೇ ಹೇಳಿ ಕಳಿಸಿದೀನಿ," ಎಂದ ಅವನು. ಒಪ್ಪಿಗೆ ಸಿಗಲು ಸ್ವಲ್ಪ ಕಾಲ ಹಿಡಿಯಿತು, ಆದರೆ ಸಿಕ್ಕಿತು.

ಗುರುಮಲ್ಲಯ್ಯ ಸಂಕ್ರಾಂತಿಯ ಹೊತ್ತಿಗೆ ನಿವೃತ್ತರಾದರು. ಸಣ್ಣಮ್ಮ ಅವರನ್ನು ಇವತ್ತಿಗೂ ಮಾತಾಡಿಸಿಲ್ಲ. ಮಾತಾಡಿಸು ಎಂದು ಸುಧಾಮಣಿಯೂ ಹೇಳಿಲ್ಲ. ಅದು ಹೆತ್ತವಳಿಗೆ ಬಿಟ್ಟದ್ದು ಎಂದು ಸುಮ್ಮನಿದ್ದಾಳೆ.

ಒಂದು ಭಾನುವಾರ ಮಧ್ಯಾಹ್ನ ಅನು ಅಮ್ಮನ ತಲೆ ಬಾಚುತ್ತ, "ಅಪ್ಪ ಎಂಗಮ್ಮ ಸತ್ತಿದ್ದು? ಸರಿಯಾಗಿ ಯೋಳು," ಎಂದಳು. ಮೊದಲಾಗಿದ್ದರೆ ಸುಧಾಮಣಿ ಮಾತು ತೇಲಿಸುತ್ತಿದ್ದಳು. ಈಗ ಎಲ್ಲವನ್ನೂ ಹೇಳಿದಳು. ಗ್ಯಾಸು ನಿಂತದ್ದು, ಮುಚ್ಚಿಹೋಗಿದ್ದ ವಾಲ್ವು, ಇಳಿಯದೆ ನಿಂತ ಎಣ್ಣೆ, ಅಪ್ಪ ನಿಂತಿದ್ದ ಜಾಗ. ಅವನದೇನೂ ತಪ್ಪಿರಲಿಲ್ಲ ಎಂಬುದನ್ನೂ ಹೇಳಿದಳು. ಬಾಗಿಲ ಬಳಿ ಕೂತಿದ್ದ ಸಣ್ಣಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಅಷ್ಟೊಂದು ಉರೀಲೂ ಅವ್ನು ಕೂಗ್ಲಿಲ್ವಂತೆ, ಪಕ್ಕದೋರ್ನ ಆಚ್ಗೆ ತಳ್ಬುಟ್ನಂತೆ," ಎಂದಳು ಸಣ್ಣಮ್ಮ. ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಆಸ್ಪತ್ರೇಲಿ ಅವ್ನೇ ಯೋಳ್ದ."

ಸುಧಾಮಣಿಗೆ ಅದು ಗೊತ್ತಿರಲಿಲ್ಲ. ಅತ್ತೆಯ ಪಕ್ಕಕ್ಕೆ ಹೋಗಿ ಕೂತು, ಅವರು ಇನ್ನೇನು ಹೇಳಿದರು ಎಂದು ಕೇಳಿದಳು.