ರೊಟ್ಟಿ ಮೀನಿನ ತವರು

ಒಲೆಯ ಮೇಲೆ ಒಣಗಿದ ಬಾಳೆ ಎಲೆ ಕುದಿಯುತ್ತಿದೆ. ಹಸಿ ಬಾಳೆ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿರಬೇಕು. ಇದು ಅದಲ್ಲ. ಹಳೆಯ ಗೋಣಿಚೀಲ, ಚಹಾಪುಡಿ, ಮೊದಲ ಮಳೆಗೆ ನೆನೆದ ಮಾಳಿಗೆ, ಮೂರನ್ನೂ ಕೂಡಿಸಿದಂಥ ವಾಸನೆ. ಅದು ಅಡುಗೆಮನೆಯಿಂದ ಹೊರಟು ಪಡಸಾಲೆ ದಾಟಿ, ಗೋಡೆ ಹಾರಿ ಪಕ್ಕದ ಮನೆಗೂ ಹೋಗಿದೆ. ಆ ಕಡೆಯಿಂದ ಶಮೀಮ್ ಆಪಾ ಕೂಗಿ ಕೇಳಿದರು:

"ಏನ್ ಕುದಸಾಕತ್ತೀರಿ ಭಾಯಿ? ಕಾಡಾ ಏನು? ತಬಿಯತ್ ಬರೋಬರಿ ಅದ ಇಲ್ಲ?"

"ಕಷಾಯ ನನಗಲ್ರೀ ಆಪಾ, ಮೀನಿಗಿ."

ಆಪಾ ಮೆಲ್ಲಗೆ, "ಅಕ್ಕೋರು ಇರಬೇಕಿತ್ತು ನೋಡ್ರಿ" ಎಂದು ಒಳಗೆ ಹೋದರು. ಒಂಟಿಯಾಗಿದ್ದು ಈ ಮನುಷ್ಯನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅವರನ್ನು ತಪ್ಪು ಎನ್ನುವಷ್ಟು ಧೈರ್ಯ ನನಗೂ ಇಲ್ಲ.

ಕಲಬುರಗಿಯ ಗಾಜಿಪುರದ ಈ ಮನೆಯಲ್ಲಿ ಅಕ್ಕನೂ ನಾನೂ ಇದ್ದೆವು. ಅಕ್ಕ ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಮದುವೆಯ ಮಾತು ಬಂದಾಗಲೆಲ್ಲ ನೋಡೋಣ, ನೋಡೋಣ ಎನ್ನುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಬೆಳಗ್ಗೆ ಆಕೆ ರೊಟ್ಟಿ ಬಡಿಯುವಳು, ನಾನು ಬುತ್ತಿ ಕಟ್ಟಿಕೊಂಡು ಕಚೇರಿಗೆ ಹೋಗುವೆ. ಇಡೀ ದಿನ ಜನರ ತಕರಾರು ಕೇಳಿ ಕೇಳಿ ಸಂಜೆ ಮನೆಗೆ ಬಂದರೆ ಬಾಯಿ ತೆರೆಯುವುದಕ್ಕೂ ಬೇಸರ. ಹೀಗೆಯೇ ವರ್ಷಗಳು ಹೋದವು. ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಈಗ ಈ ಮನೆಯಲ್ಲಿ ನಾನಿದ್ದೇನೆ, ಒಂದು ಮೀನಿದೆ.

ಮೀನಿನ ಹೆಸರು ಡಿಸ್ಕಸ್. ಚಪ್ಪಟೆ, ದುಂಡಗೆ, ಅಂಗೈಯಷ್ಟು ಅಗಲ. ಹೈದರಾಬಾದಿಗೆ ಯಾವುದೋ ಕೆಲಸಕ್ಕೆ ಹೋದವನು ಅಂಗಡಿಯೊಂದರಲ್ಲಿ ಇವನ್ನು ನೋಡಿ ಮರುಳಾಗಿ ಆರು ಮರಿ ತಂದೆ. ಅಕ್ಕ ಚೀಲದೊಳಗೆ ಇಣುಕಿ ನೋಡಿದಳು. "ರೊಟ್ಟಿ ಬಡದಂಗ ಅದಾವಲ್ಲೋ!" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವು ರೊಟ್ಟಿ ಮೀನು. ಈ ಮೀನಿಗೆ ಬೆಚ್ಚನೆಯ ನೀರು ಬೇಕು ಎಂದು ಚಳಿಗಾಲಕ್ಕೆ ಹೀಟರನ್ನೂ ತಂದಿದ್ದೆ. ಕಲಬುರಗಿಗೆ ಹೀಟರ್ ತಂದವನು ನಾನೊಬ್ಬನೇ ಇರಬೇಕು ಎಂದು ಕಚೇರಿಯಲ್ಲಿ ವರ್ಷವಿಡೀ ನಕ್ಕರು.

ನಮ್ಮದು ಅಪ್ಪಟ ಶಾಕಾಹಾರಿ ಮನೆ. ಮೀನಿನ ಊಟವೋ, ಮಂಜುಗಡ್ಡೆಯಲ್ಲಿಟ್ಟ ಕೆಂಪು ಹುಳು. ಅದರ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಹತ್ತಿರ ಇಟ್ಟ ದಿನ ಅಕ್ಕ ರಾಮಾಯಣವನ್ನೇ ಮಾಡಿದಳು. ಕೊನೆಗೆ ಡಬ್ಬಿಗೊಂದು ಬೇರೆ ಚೀಲ, ಒಂದು ಬೇರೆ ಚಮಚ ಎಂದು ರಾಜಿಯಾಯಿತು. ನಾನು ಊರಲ್ಲಿಲ್ಲದ ದಿನ ಮಾತ್ರ ಆಕೆಯೇ ಮೂಗಿಗೆ ಸೆರಗು ಹಿಡಿದು, ಮುಖ ಆ ಕಡೆ ತಿರುಗಿಸಿ, ಹುಳು ಹಾಕಿ, ಸ್ನಾನ ಮಾಡಿ, ಮತ್ತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಸಂಜೆ ನಾನು ಚಪ್ಪಲಿ ಬಿಡುವಾಗ ಆಕೆಯದು ಒಂದೇ ಪ್ರಶ್ನೆ: "ಮೀನ ಉಂಡಾವು. ನೀ ಉಂಡ್ಯೇನು?" ಮಧ್ಯಾಹ್ನದ ಬುತ್ತಿ ಖಾಲಿಯಾಗಿದೆಯೇ ಎಂದು ಅದರ ಅರ್ಥ. ಮೊದಲು ಮೀನಿನ ಸುದ್ದಿ, ಆಮೇಲೆ ನನ್ನದು. ಈ ಮನೆಯಲ್ಲಿ ನನ್ನ ಪಾಳಿ ಯಾವಾಗಲೂ ಮೀನಿನ ಹಿಂದೆ ಎಂದು ನಾನು ಗೊಣಗುತ್ತಿದ್ದೆ.

ನಿಜವಾದ ಜಗಳ ಶುರುವಾದದ್ದು ಗಿಡಗಳಿಂದ. ನಮ್ಮ ಮನೆಯ ಅಂಗಳ, ಕಟ್ಟೆ, ಹಿತ್ತಲು ಎಲ್ಲ ಶಹಾಬಾದಿ ಫರ್ಸಿ, ಅಂದರೆ ಹಾಸುಗಲ್ಲು; ಮಣ್ಣೇ ಇಲ್ಲ. ತುಳಸಿಗೂ ಡಬ್ಬಿಯೇ ಗತಿ. ಅಕ್ಕ ಒಂದು ದಿನ ಎಲ್ಲಿಂದಲೋ ನೀರಿನ ಗಿಡಗಳನ್ನು ತರಿಸಿ ಮೀನಿನ ಗಾಜಿನ ತೊಟ್ಟಿಯಲ್ಲಿ ನೆಟ್ಟುಬಿಟ್ಟಳು. ಹಿತ್ತಲಲ್ಲಿ ಬಿದ್ದಿದ್ದ ಫರ್ಸಿಯ ಚೂರುಗಳನ್ನು ಇಬ್ಬರೂ ಕೂಡಿ ತೊಳೆದು, ಒಂದರ ಮೇಲೊಂದು ಜೋಡಿಸಿ ಮೆಟ್ಟಿಲು ಕಟ್ಟಿದೆವು. ಮೆಟ್ಟಿಲ ಸಂದಿಯಿಂದ ಹಸಿರು ಹೊರಟು ನೋಡಲು ಏನು ಚೆಂದ ಅಂತೀರಿ! ಆದರೆ ಬೇಸಿಗೆಯಲ್ಲಿ ಬಿಸಿನೀರಿಗೆ ಗಿಡ ಕರಗುತ್ತಿದ್ದವು. ಅಕ್ಕ ಕೂಲರನ್ನು ತೊಟ್ಟಿಯ ಕಡೆ ತಿರುಗಿಸುವಳು.

"ಮೀನಿಗಿ ಥಂಡಿ ಆಗ್ತದ ಅಕ್ಕ."

"ಗಿಡ ಸಾಯತಾವಲ್ಲ, ಅವಕ್ಕೇನು ಜೀವ ಇಲ್ಲೇನು?"

ಹೀಗೆ ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ನಾವಿಬ್ಬರೂ ಬೆವರುತ್ತ ಕೂತು, ಕೂಲರಿನ ಗಾಳಿ ಯಾರಿಗೆ ಎಂದು ಗಿಡ ಮತ್ತು ಮೀನಿನ ಪರವಾಗಿ ವಾದ ಮಾಡುತ್ತಿದ್ದೆವು. ಈಗ ಎಣಿಸಿದರೆ, ನಾವು ಬಾಯಿತುಂಬ ಮಾತಾಡಿದ್ದೆಂದರೆ ಅಷ್ಟೇ.

ಅಕ್ಕ ಹೋದ ಮೇಲೆ ಒಂದೊಂದೇ ಮೀನು ಕಪ್ಪಾಗಿ, ಮೂಲೆ ಹಿಡಿದು, ಉಣ್ಣುವುದು ಬಿಟ್ಟು ಸತ್ತಿತು. ಗಾಜಿನ ಅಂಚಿನಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟುತ್ತಿತ್ತು. ನಾನು ಉಜ್ಜುವೆ, ಅದು ಮತ್ತೆ ಬರುವುದು. ಒಂದು ದಿನ ಊಟಕ್ಕೆ ಕೂತು ಹೆಸರುಕಾಳಿನ ಉಸುಳಿಗೆ ಲಿಂಬೆ ಹಿಂಡುವಾಗ ಎರಡು ಹನಿ ನೆಲಕ್ಕೆ ಬಿದ್ದವು. ಫರ್ಸಿಯ ಮೇಲೆ ಸಣ್ಣಗೆ ನೊರೆ ಎದ್ದಿತು. "ಫರ್ಸಿ ಮ್ಯಾಲ ಲಿಂಬಿ ಚೆಲ್ಲಬ್ಯಾಡ, ಕಲ್ಲು ತಿಂತದ" ಎಂದು ಅಕ್ಕ ನನಗೆ ಎಷ್ಟು ಸಲ ಬೈದಿಲ್ಲ! ನಮ್ಮೂರಲ್ಲಿ ಪ್ರತಿ ಮನೆಯಲ್ಲೂ ಈ ಬೈಗುಳ ಉಂಟು. ಈ ಕಲ್ಲೆಂದರೆ ಸುಣ್ಣದ ಕಲ್ಲು ಎಂದು ನಮಗೆ ಕಾಲಿನಿಂದ ತಲೆಯವರೆಗೆ ಗೊತ್ತು. ಆದರೂ ಸುಣ್ಣವಿಲ್ಲದ ಮೆದು ನೀರು ಬೇಡುವ ಮೀನಿನ ತಲೆಯ ಮೇಲೆ ಅದನ್ನೇ ಹೇರಿಟ್ಟಿದ್ದೆವು, ಅದರ ಸುಣ್ಣ ದಿನಾ ನೀರಿಗೆ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಮೆಟ್ಟಿ ನಡೆದ ಕಲ್ಲಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಊಟ ಅಲ್ಲಿಗೇ ಬಿಟ್ಟು ತೊಟ್ಟಿಯ ಮುಂದೆ ಹೋಗಿ ನಿಂತೆ. ಆಗ ಉಳಿದದ್ದು ಒಂದೇ ಮೀನು.

ಡಿಸ್ಕಸ್ ಎಲ್ಲಿಯದು ಎಂದು ಆಮೇಲೆ ಓದಿದೆ. ದೂರದ ದೊಡ್ಡ ನದಿಯ ಪಕ್ಕದ ನಿಂತ ನೀರು. ಕಾಡಿನ ಎಲೆ ಉದುರಿ, ಕೊಳೆತು, ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದ ನೀರು. ಅಡಿಯಲ್ಲಿ ಎಲೆ, ನಡುವೆ ಮುಳುಗಿದ ಬೇರು, ಅರ್ಧ ಕತ್ತಲೆ. ಹಸಿರು ಗಿಡದ ಹೆಸರೇ ಇಲ್ಲ. ಮೀನು ಹುಟ್ಟಿದ ಜಾಗ ಹೇಗಿದೆಯೋ ಹಾಗೇ ತೊಟ್ಟಿಯನ್ನು ಕಟ್ಟುವುದಕ್ಕೆ ಬಯೋಟೋಪ್ ಎನ್ನುತ್ತಾರಂತೆ. ಮೀನು ಉಳಿಯಬೇಕಾದರೆ ಕಲ್ಲು ಹೋಗಬೇಕು. ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಅಕ್ಕನ ಗಿಡಗಳೂ ಹೋಗಬೇಕು. ಎಷ್ಟೋ ವಾರ ನನ್ನ ಕೈ ನೀರಿಗೆ ಇಳಿಯಲಿಲ್ಲ. ಮೀನು ಉಣ್ಣುವುದು ನಿಲ್ಲಿಸಿದ ಮೇಲೆ ಇಳಿಯಿತು.

ಗಿಡಗಳನ್ನು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಎಸೆಯಲು ಮನಸ್ಸು ಬರಲಿಲ್ಲ. ಕಮಲಾಪುರದ ನೀಲಮ್ಮ ನೆನಪಾದರು. ಆಕೆ ಅಕ್ಕನ ಜೊತೆ ಶಾಲೆಗೆ ಹೋದವರು, ಮದುವೆಯಾಗಿ ಕಮಲಾಪುರ ಸೇರಿದವರು. ಕೆಂಪು ಬಾಳೆಯ ತೋಟವಿದೆ, ತೋಟದಲ್ಲಿ ನೀರು ತುಂಬಿಡುವ ಹೌದವಿದೆ. ಅಕ್ಕ ದಿನಾ ಸಂಜೆ ಹಿತ್ತಲಲ್ಲಿ ಕೂತು ಆಕೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಏನು ಮಾತೋ, ನಾನು ಕಿವಿಗೊಡುತ್ತಿರಲಿಲ್ಲ. ಆಕೆಯನ್ನು ನಾನು ಯಾವ ಹೆಸರಿನಿಂದಲೂ ಕರೆದವನಲ್ಲ, ಕರೆಯುವ ಪ್ರಸಂಗವೇ ಬಂದಿರಲಿಲ್ಲ.

ನಿನ್ನೆ ಬಸ್ಸು ಹತ್ತಿದೆ. ಊರು ದಾಟಿ ಸ್ವಲ್ಪ ದೂರ ಹೋದರೆ ಕರಿಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುತ್ತದೆ. ಮಡಿಲಲ್ಲಿ ಒದ್ದೆ ಗಂಟು ಇಟ್ಟುಕೊಂಡು ಕೂತ ನನ್ನ ಪ್ಯಾಂಟು ತೊಯ್ದು, ಪಕ್ಕದಲ್ಲಿ ಕೂತವನು ಅನುಮಾನದಿಂದ ಸರಿದು ಕೂತ.

ನೀಲಮ್ಮ ಗಂಟು ಬಿಚ್ಚಿ ನೋಡಿದರು. ಬಹಳ ಹೊತ್ತು ಆ ಎಲೆಗಳ ಮೇಲೆ ಕೈಯಾಡಿಸಿದರು.

"ಇವೇ ಏನಪಾ ಅವು? ದಿನಾ ಇವುಗಳದೇ ಸುದ್ದಿ ಹೇಳತಿದ್ಳು ನಿಮ್ಮಕ್ಕ."

"ಗಿಡ ಅಂದ್ರ ಬಾಳ ಜೀವ ಇತ್ರೀ ಆಕಿಗಿ."

"ಗಿಡದ ಮ್ಯಾಲೆಲ್ಲಿ ಜೀವ? ಶಾಲಿಯಾಗ ಇದ್ದಾಗ ಒಂದು ಹೂ ಸುದ್ದಾ ಮುಡಿತಿದ್ದಿಲ್ಲ ಆಕಿ." ನೀಲಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನೀ ಮನಿಗಿ ಬಂದು ಮೀನದ ಮುಂದ ಕುಂತರ ಏಳತಿದ್ದಿಲ್ಲಂತ. ಮಾರಿ ಎತ್ತಿ ನೋಡತಿದ್ದಿಲ್ಲಂತ. 'ನನ್ನ ತಮ್ಮ ಅಲ್ಲೇ ನೋಡತಾನ ನೀಲಾ, ಅದಕ್ಕ ನಾನೂ ಅಲ್ಲೇ ಗಿಡ ಹಚ್ಚೀನಿ. ಮಾತಾಡಲಿಲ್ಲಂದ್ರೂ ಜಗಳಾರೆ ಆಡ್ತಾನ' ಅಂತಿದ್ಳು."

ಹೌದದ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ. ಅಕ್ಕ ಹೋದ ದಿನ ಜನರ ನಡುವೆ ಬಾರದ ಅಳು, ಆ ತೋಟದಲ್ಲಿ ಹೆಚ್ಚು ಪರಿಚಯವಿಲ್ಲದ ಒಬ್ಬ ಹೆಂಗಸಿನ ಮುಂದೆ ಬಂತು. ನೀಲಮ್ಮ ಸಮಾಧಾನ ಮಾಡಲು ಬರಲಿಲ್ಲ. ಗಿಡಗಳನ್ನು ಒಂದೊಂದಾಗಿ ಹೌದದ ಮೂಲೆಯಲ್ಲಿ, ಬಾಳೆಯ ನೆರಳಿನಲ್ಲಿ, ಕೆಸರಿಗೆ ಒತ್ತಿ ನಿಲ್ಲಿಸಿದರು.

ಬದಲಿಗೆ ಏನು ಬೇಕು ಎಂದು ಕೇಳಿದರು. ಒಣ ಬಾಳೆ ಎಲೆ, ಒಂದು ಹಳೆಯ ಬೇರು ಎಂದೆ. ಯಾಕೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಹಂಗಂದ್ರ ಮೀನಿಗಿ ತವರಮನಿ ಕಟ್ಟಾಕತ್ತೀ ಅನ್ನು."

ಕಾಂಡಕ್ಕೆ ಜೋತುಬಿದ್ದ ಎಲೆಗಳನ್ನು ಆಕೆಯೇ ಕೊಯ್ದು ಮಡಚಿ ಕಟ್ಟಿದರು. ಹೌದದಲ್ಲೇ ಎಷ್ಟೋ ಕಾಲದಿಂದ ನೆನೆದು ಬಿದ್ದಿದ್ದ ಪೇರಲದ ಬೇರೊಂದನ್ನು ಎಳೆದು ಕೊಟ್ಟರು. ಬಸ್ಸಿಗೆ ಬಿಡುವಾಗ ಹೇಳಿದರು: "ಮೀನ ಉಂಡ್ರ ಫೋನ್ ಮಾಡು. ಉಣಲಿಲ್ಲಂದ್ರೂ ಮಾಡು."

ಇಗೋ, ಕಷಾಯ ತಣಿದಿದೆ. ಕಲ್ಲಿನ ಮೆಟ್ಟಿಲು ಈಗ ಹಿತ್ತಲಲ್ಲಿದೆ. ತೊಟ್ಟಿಗೆ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರನ್ನು ತುಂಬಿದ್ದೇನೆ. ಅಡಿಯಲ್ಲಿ ಮರಳು, ನಡುವೆ ಪೇರಲದ ಬೇರು. ಬೆಂದ ಎಲೆಗಳನ್ನು ಒಂದೊಂದಾಗಿ ಬಿಟ್ಟೆ, ತೇಲಿ, ತೊಯ್ದು, ಮೆಲ್ಲಗೆ ಕೆಳಗೆ ಕೂತವು. ಕಂದು ನೀರು ಸುರಿದೆ. ಗಾಜಿನೊಳಗೆ ಹೊತ್ತು ಮುಳುಗಿದಂತಾಯಿತು. ಶಮೀಮ್ ಆಪಾ ಕುತೂಹಲ ತಡೆಯಲಾರದೆ ಬಂದು ನೋಡಿ, "ಎಷ್ಟ್ ಚೆಂದ ಇತ್ತು, ಹೊಲಸ್ ಮಾಡ್ಬಿಟ್ರಲ್ಲ ಭಾಯಿ!" ಎಂದು ಮರುಗಿ ಹೋದರು. ಅವರ ಮಾತೂ ಸುಳ್ಳಲ್ಲ.

ಮೀನು ಬೇರಿನ ಹಿಂದೆ ನಿಂತಿತ್ತು. ನಾನು ಎದುರಿಗೆ ಕೂತೆ. ಮಧ್ಯಾಹ್ನ ಇಳಿಯಿತು. ಅದರ ಮೈಯ ಕಪ್ಪು ಸ್ವಲ್ಪ ಸ್ವಲ್ಪವೇ ಬಿಟ್ಟು, ಅರಿಶಿನ ಬೆರೆಸಿದ ಕಂದು ಬಣ್ಣ ಮೇಲೆ ಬಂತು. ಸಂಜೆಯಾಗುವ ಹೊತ್ತಿಗೆ ಹುಳುವಿನ ಡಬ್ಬಿ ತೆಗೆದು, ಅಕ್ಕ ಬೇರೆ ಇಟ್ಟ ಅದೇ ಚಮಚದಿಂದ ಒಂದಿಷ್ಟು ಬಿಟ್ಟೆ. ಹುಳು ಎಲೆಯ ಮೇಲೆ ಹೋಗಿ ಬಿದ್ದಿತು. ಮೀನು ಬೇರಿನ ಹಿಂದಿನಿಂದ ಹೊರಬಂತು. ನನ್ನನ್ನು ಒಂದು ಕಣ್ಣಿನಿಂದ ನೋಡಿತು. ತಲೆ ಬಾಗಿಸಿ ಎಲೆಯ ಮೇಲೆ ಊದಿತು, ಹೆಕ್ಕಿತು, ಮತ್ತೆ ಹೆಕ್ಕಿತು.

ನಾನು ತಟ್ಟನೆ ಎದ್ದು, "ಅಕ್ಕಾ, ಉಂಡ್ತು!" ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದೆ. ಒಲೆಯ ಮೇಲೆ ಖಾಲಿ ಪಾತ್ರೆ ಇತ್ತು. ಕೂಗಿದ ಮಾತು ಫರ್ಸಿಗೆ ಬಡಿದು ಮನೆಯೆಲ್ಲ ತಿರುಗಿ ನನ್ನ ಹತ್ತಿರವೇ ಬಂತು.

ಫೋನು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತು ಕಮಲಾಪುರಕ್ಕೆ ಹಚ್ಚಿದೆ. ಆ ಕಡೆ ತಕ್ಷಣ ಎತ್ತಿದರು. ಫೋನು ಕೈಯಲ್ಲೇ ಇತ್ತೇನೋ.

"ನೀಲಕ್ಕ, ಮೀನ ಉಂಡ್ತು."

"ಚಲೋ ಆತು." ಒಂದು ಉಸಿರು ಬಿಟ್ಟಿದ್ದು ಕೇಳಿಸಿತು. "ನೀ ಉಂಡ್ಯೇನು?"

ಬೆಳಗಿನಿಂದ ನಾನು ಏನೂ ಉಂಡಿರಲಿಲ್ಲ.